ಮೋಡದಲ್ಲಿಟ್ಟ ಟ್ರಂಕು: ಬೀಗದ ಕೈ ಯಾರ ಬಳಿ?

ಒಂದು ಕಾಲಕ್ಕೆ ಮನೆಮನೆಯಲ್ಲೂ ಒಂದು ತಗಡಿನ ಟ್ರಂಕು ಇರುತ್ತಿತ್ತು. ಜಮೀನಿನ ಪತ್ರ, ಮಕ್ಕಳ ಜಾತಕ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮದುವೆಯ ದಿನ ತೆಗೆಸಿದ ಕಪ್ಪು-ಬಿಳುಪು ಫೋಟೊ ಎಲ್ಲವೂ ನುಸಿಗುಳಿಗೆಯ ವಾಸನೆಯೊಂದಿಗೆ ಅದರೊಳಗೆ ಭದ್ರ. ಟ್ರಂಕು ಮಂಚದ ಕೆಳಗೆ, ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲಿ. ಯಾವ ಕಾಗದ ಎಲ್ಲಿದೆ, ಯಾರ ವಶದಲ್ಲಿದೆ ಎಂಬ ಬಗ್ಗೆ ಮನೆಯವರಾರಿಗೂ ಅನುಮಾನವಿರಲಿಲ್ಲ.

ಇಂದು ಮಗಳ ಅಂಕಪಟ್ಟಿ, ಮಗನ ಪ್ರಾಜೆಕ್ಟ್ ವರದಿ, ಮೊಮ್ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಅಗಲಿದ ತಾತನ ದನಿ... ಎಲ್ಲವೂ 'ಕ್ಲೌಡ್'ನಲ್ಲಿ, ಅಂದರೆ ಮೋಡದಲ್ಲಿ! ಮೊಬೈಲು ಕಳೆದರೂ ಚಿಂತೆಯಿಲ್ಲ, ಹೊಸದರಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಒತ್ತಿದರೆ ಎಲ್ಲವೂ ಮರಳಿ ಬರುತ್ತವೆ. ನಿಜಕ್ಕೂ ಅದ್ಭುತವೇ. ಆದರೆ ಈ ಮೋಡ ಎಲ್ಲಿದೆ? ಅದರ ಯಜಮಾನ ಯಾರು? ಹತ್ತು ವರ್ಷಗಳ ನಂತರವೂ ಇಟ್ಟದ್ದು ಇಟ್ಟಲ್ಲೇ ಇರುತ್ತದೆಯೇ? ಓದುವ ಮಕ್ಕಳಿರುವ ಪ್ರತಿ ಮನೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಮೋಡ ಇರುವುದು ನೆಲದ ಮೇಲೆ

ಹೆಸರು ಕೇಳಿ ಆಕಾಶ ನೋಡಬೇಕಾಗಿಲ್ಲ. ದೂರವಾಣಿ ಮತ್ತು ಕಂಪ್ಯೂಟರ್ ಜಾಲಗಳ ನಕ್ಷೆ ಬರೆಯುವ ಎಂಜಿನಿಯರುಗಳು 'ಇಲ್ಲಿಂದಾಚೆಗೆ ದೊಡ್ಡ ಜಾಲವಿದೆ, ಅದರ ವಿವರ ಸದ್ಯಕ್ಕೆ ಬೇಡ' ಎನ್ನಬೇಕಾದ ಜಾಗದಲ್ಲಿ ಒಂದು ಮೋಡದ ಚಿತ್ರ ಬರೆಯುತ್ತಿದ್ದರು. ಆ ಚಿತ್ರವೇ ಮುಂದೆ ಹೆಸರಾಗಿ ನಿಂತಿತು. ವಾಸ್ತವದಲ್ಲಿ ಮೋಡವೆಂದರೆ 'ಡೇಟಾ ಸೆಂಟರ್' ಎಂಬ ಗಟ್ಟಿ ಕಟ್ಟಡ. ಅದರ ಹಜಾರಗಳಲ್ಲಿ ಸಾಲುಸಾಲು ಕಪಾಟು, ಕಪಾಟುಗಳಲ್ಲಿ ಸಾವಿರಾರು ಕಂಪ್ಯೂಟರು, ಅವುಗಳ ಬಿಸಿ ಇಳಿಸಲು ಹಗಲಿರುಳು ಓಡುವ ತಂಪು ಯಂತ್ರಗಳು. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಸೋತರೆ ಜನರೇಟರು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಜಗತ್ತಿನ ಒಟ್ಟು ಬಳಕೆಯಲ್ಲಿ ಇದು ಸುಮಾರು ಶೇ 1.5.

ಮೊಬೈಲಿನಲ್ಲಿ ತೆಗೆದ ಫೋಟೊ ಕ್ಲೌಡಿಗೆ 'ಏರುವುದು' ಎಂದರೆ ಇಂಥ ಕಟ್ಟಡವೊಂದರ ಡಿಸ್ಕಿಗೆ ಅದರ ನಕಲು ಹೋಗುವುದು ಎಂದರ್ಥ. ದೊಡ್ಡ ಸಂಸ್ಥೆಗಳು ಒಂದೇ ಕಡತವನ್ನು ಒಂದಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಇಟ್ಟಿರುತ್ತವೆ. ಹಾಗಾಗಿ ಒಂದು ಡಿಸ್ಕು ಕೆಟ್ಟರೂ ಬಳಕೆದಾರನಿಗೆ ಗೊತ್ತೇ ಆಗುವುದಿಲ್ಲ. ಮನೆಯ ಪೆನ್‌ಡ್ರೈವಿಗೆ ಈ ಭಾಗ್ಯವಿಲ್ಲ.

ಕಲ್ಪನೆ ಹಳೆಯದೇ. ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಶತಮಾನೋತ್ಸವ ಭಾಷಣದಲ್ಲಿ, ಮುಂದೊಂದು ದಿನ ಗಣಕ ಸೇವೆಯೂ ದೂರವಾಣಿಯಂತೆ ಸಾರ್ವಜನಿಕ ಸೌಲಭ್ಯವಾಗಬಹುದು ಎಂದಿದ್ದರು. 2006ರ ಮಾರ್ಚಿನಲ್ಲಿ ಅಮೆಜಾನ್ ಸಂಸ್ಥೆ ತನ್ನ ಡಿಸ್ಕುಗಳ ಜಾಗವನ್ನು ಬಾಡಿಗೆಗೆ ಕೊಡತೊಡಗಿತು. ಅದೇ ಕಾಲಕ್ಕೆ ಎಂಐಟಿಯಲ್ಲಿ ಓದಿದ್ದ ಡ್ರೂ ಹೂಸ್ಟನ್ ಎಂಬ ತರುಣ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಬಸ್ಸು ಹತ್ತಿದ. ಹತ್ತಿದ ಮೇಲೆ ನೋಡಿದರೆ ಪೆನ್‌ಡ್ರೈವ್ ಮರೆತು ಬಂದಿದ್ದ! ಆ ಕಿರಿಕಿರಿಯಲ್ಲಿ ಹೊಳೆದ ಉಪಾಯವೇ 2007ರಲ್ಲಿ ಸ್ಥಾಪನೆಯಾದ 'ಡ್ರಾಪ್‌ಬಾಕ್ಸ್'. 2011ರಲ್ಲಿ ಆಪಲ್‌ನ 'ಐಕ್ಲೌಡ್', 2012ರಲ್ಲಿ 'ಗೂಗಲ್ ಡ್ರೈವ್' ಬಂದವು. ಕಂಪನಿಗಳ ಸೊತ್ತಾಗಿದ್ದ ಮೋಡ ಹೀಗೆ ಮನೆಮಂದಿಯ ಬಳಿಗೆ ಇಳಿಯಿತು.

ಹದಿನೈದು ಜಿಬಿ ಎಂದರೆ ಎಷ್ಟು?

ಗೂಗಲ್ ಖಾತೆ ತೆರೆದವರಿಗೆ ಸಾಮಾನ್ಯವಾಗಿ ಉಚಿತವಾಗಿ ಸಿಗುವುದು 15 ಗಿಗಾಬೈಟ್ ಜಾಗ. ಇಮೇಲ್, ಫೋಟೊ, ಕಡತ ಮೂರಕ್ಕೂ ಸೇರಿ ಇಷ್ಟೇ. ಒಂದು ಕಾಲದ ಫ್ಲಾಪಿ ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು 1.44 ಮೆಗಾಬೈಟ್. ಆ ಲೆಕ್ಕದಲ್ಲಿ ಇದು ಹತ್ತು ಸಾವಿರಕ್ಕೂ ಹೆಚ್ಚು ಫ್ಲಾಪಿಗಳಿಗೆ ಸಮ! ಆದರೆ ಒಂದು ಫೋಟೊ 3 ಮೆಗಾಬೈಟ್ ಎಂದರೆ ಐದು ಸಾವಿರ ಫೋಟೊಗೆ ಜಾಗ ತುಂಬಿತು. ನಿಮಿಷಕ್ಕೆ 100 ಮೆಗಾಬೈಟಿನ ವಿಡಿಯೊ ಆದರೆ ಎರಡೂವರೆ ಗಂಟೆಗೆ ಖಲಾಸ್. ಶಾಲಾ ವಾರ್ಷಿಕೋತ್ಸವ ಮತ್ತು ಒಂದು ಮದುವೆ ಸಾಕು.

ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಈ 15 ಜಿಬಿಯನ್ನು ಮೇಲೇರಿಸಲು ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ಇಳಿಸಿಕೊಳ್ಳಲೂ ಅಷ್ಟೇ. ಹೋದ ದಾರಿಯಲ್ಲೇ ಮರಳಿ ಬರಬೇಕೆಂಬುದನ್ನು ಜನ ಮರೆಯುತ್ತಾರೆ.

ಉಚಿತದ ಆಯಸ್ಸೂ ಶಾಶ್ವತವಲ್ಲ. 2015ರಲ್ಲಿ ಶುರುವಾದ 'ಗೂಗಲ್ ಫೋಟೋಸ್' ತುಸು ಕುಗ್ಗಿಸಿದ ಚಿತ್ರಗಳನ್ನು ಲೆಕ್ಕವಿಲ್ಲದಷ್ಟು ಇಟ್ಟುಕೊಳ್ಳುತ್ತಿತ್ತು. 2021ರ ಜೂನ್ 1ರಿಂದ ಆ ಧಾರಾಳತನ ನಿಂತಿತು, ಹೊಸ ಚಿತ್ರಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಬಂದವು. ಆರು ವರ್ಷಗಳ ನೆನಪು ಒಂದೆಡೆ ಸೇರಿದ ಮೇಲೆ ಬೇರೆಡೆಗೆ ಸಾಗಿಸುವ ತಾಳ್ಮೆ ಯಾರಿಗಿದೆ? ಹೆಚ್ಚಿನವರು ತಿಂಗಳ ಬಾಡಿಗೆ ಕಟ್ಟುವುದೇ ಲೇಸೆಂದುಕೊಂಡರು. ಹಾಲು, ಪತ್ರಿಕೆ, ಕೇಬಲ್‌ನ ಸಾಲಿಗೆ ಮೋಡದ ಬಿಲ್ಲೂ ಸೇರಿತು.

ಕನ್ನಡಿಯೊಳಗಿನ ಗಂಟು

ವಿದ್ಯಾರ್ಥಿಗಳು ಮೊದಲು ತಿಳಿಯಬೇಕಾದ ಸೂಕ್ಷ್ಮವೊಂದಿದೆ. ಬಹುತೇಕ ಕ್ಲೌಡ್ ಸೇವೆಗಳು ಮಾಡುವುದು 'ಸಿಂಕ್', ಅಂದರೆ ಪ್ರತಿಬಿಂಬ ಹಿಡಿಯುವ ಕೆಲಸ. ಮೊಬೈಲಿನಲ್ಲಿ ಏನಿದೆಯೋ ಮೋಡದಲ್ಲೂ ಅದೇ. ಮೊಬೈಲಿನಲ್ಲಿ ಅಳಿಸಿದರೆ? ಕನ್ನಡಿಯಿಂದಲೂ ಮಾಯ! 'ಜಾಗ ಖಾಲಿಯಾಗಲಿ' ಎಂದು ಫೋನಿನ ಚಿತ್ರ ಅಳಿಸಿ, 'ಹೇಗೂ ಕ್ಲೌಡಿನಲ್ಲಿದೆಯಲ್ಲ' ಎಂದು ನಿಶ್ಚಿಂತೆಯಿಂದಿದ್ದು ಮೋಸ ಹೋಗುವುದು ಇಲ್ಲಿಯೇ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಕಡತ ಉಳಿಯುವುದು 30 ದಿನ ಮಾತ್ರ. ಆಮೇಲೆ ಅತ್ತರೂ ಬಾರದು.

ನಿಜವಾದ 'ಬ್ಯಾಕಪ್' ಎಂದರೆ ಕನ್ನಡಿಯಲ್ಲ, ಬೇರೆ ಕಡೆ ಇಟ್ಟ ಬೇರೆಯದೇ ಪ್ರತಿ. ಮೂಲದಲ್ಲಿ ಅಳಿದರೂ ತಿದ್ದಿದರೂ ಅದಕ್ಕೆ ಸೋಂಕು ತಗಲಬಾರದು. ಈ ವ್ಯತ್ಯಾಸ ಅರಿತವನಿಗೆ ಅರ್ಧ ಗೆಲುವು.

ಮೋಡಕ್ಕೂ ಬೆಂಕಿ ಬೀಳುತ್ತದೆ

2021ರ ಮಾರ್ಚ್ 10ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಕ್ಲೌಡ್ ಸಂಸ್ಥೆಯ ಐದು ಅಂತಸ್ತಿನ ಡೇಟಾ ಸೆಂಟರು ಉರಿದುಹೋಯಿತು. ಕೆಲವು ಗ್ರಾಹಕರ ಮೂಲ ಕಡತ, ಅದರ ಬ್ಯಾಕಪ್ ಎರಡೂ ಅದೇ ಆವರಣದಲ್ಲಿದ್ದವು. ಎರಡೂ ಬೂದಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಯಿಂದ ಹೊತ್ತಿದ ಬೆಂಕಿ ಸರ್ಕಾರಿ ನೌಕರರ 'ಜಿ-ಡ್ರೈವ್' ಎಂಬ ಮೋಡವನ್ನೇ ಆಹುತಿ ತೆಗೆದುಕೊಂಡಿತು. ಅದರಲ್ಲಿದ್ದ ಕಡತಗಳ ಗಾತ್ರ 858 ಟೆರಾಬೈಟ್. ಹೊರಗೆಲ್ಲೂ ಅದಕ್ಕೆ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಮುಂದಿರುವ ದೇಶದ ಗತಿಯೇ ಹೀಗಾದರೆ!

ಇದಕ್ಕೆ ವಿರುದ್ಧವಾದ ಪಾಠ ಆಸ್ಟ್ರೇಲಿಯದ್ದು. ಅಲ್ಲಿನ 'ಯೂನಿಸೂಪರ್' ಎಂಬ ಪಿಂಚಣಿ ನಿಧಿಯ ಇಡೀ ವ್ಯವಸ್ಥೆ 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡಿನ ಒಂದು ತಪ್ಪು ಹೊಂದಾಣಿಕೆಯಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಆದರೆ ಕೊನೆಗೆ ಎಲ್ಲ ಸರಿಹೋಯಿತು. ಏಕೆಂದರೆ ಆ ನಿಧಿಯವರು ಬೇರೊಂದು ಸಂಸ್ಥೆಯ ಬಳಿಯೂ ಪ್ರತಿ ಇಟ್ಟಿದ್ದರು. ಕೊರಿಯಾದವರಿಗೂ ಇವರಿಗೂ ಇದ್ದ ಅಂತರ ಇಷ್ಟೇ: ಇನ್ನೊಂದು ಪ್ರತಿ, ಇನ್ನೊಂದು ಜಾಗದಲ್ಲಿ.

ಕಾವಲುಗಾರನೇ ಬಾಗಿಲು ಹಾಕಿದರೆ?

ಬೆಂಕಿ ಅಪರೂಪ. ಅದಕ್ಕಿಂತ ಸಾಮಾನ್ಯವಾದುದು ಬಾಗಿಲು ಮುಚ್ಚುವುದು. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ 'ಆರ್ಕುಟ್' 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 'ಮೈಸ್ಪೇಸ್' ತಾಣವು 2016ಕ್ಕೂ ಮುಂಚೆ ಜನ ಏರಿಸಿದ್ದ ಹಾಡುಗಳೆಲ್ಲ ಯಂತ್ರ ಬದಲಿಸುವಾಗ ನಾಶವಾದವೆಂದು 2019ರಲ್ಲಿ ಒಪ್ಪಿಕೊಂಡಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿತು. ತೀರಿಕೊಂಡ ಹಿರಿಯರ ಖಾತೆಯಲ್ಲಿ ಕುಟುಂಬದ ಚಿತ್ರಗಳು ಉಳಿದಿದ್ದರೆ ಈ ನಿಯಮ ನೆನಪಿರಲಿ.

ಇನ್ನೂ ಕಹಿಯಾದ ಪ್ರಸಂಗವೊಂದನ್ನು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ 2022ರಲ್ಲಿ ವರದಿ ಮಾಡಿತು. ಸ್ಯಾನ್‌ಫ್ರಾನ್ಸಿಸ್ಕೊದ ತಂದೆಯೊಬ್ಬ ವೈದ್ಯರಿಗೆ ತೋರಿಸಲೆಂದು ತನ್ನ ಪುಟ್ಟ ಮಗುವಿನ ಊದಿಕೊಂಡ ಅಂಗದ ಫೋಟೊ ತೆಗೆದ. ಅದು ತಾನಾಗಿಯೇ ಮೋಡಕ್ಕೆ ಏರಿತು. ಅಲ್ಲಿ ಚಿತ್ರಗಳನ್ನು ತಪಾಸಿಸುವ ಯಂತ್ರ ಅದನ್ನು ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರವೆಂದು ಭಾವಿಸಿ ಎಚ್ಚರಿಕೆ ಕೊಟ್ಟಿತು. ಗೂಗಲ್ ಖಾತೆಗೆ ಬೀಗ ಬಿತ್ತು. ಪೊಲೀಸರು ತನಿಖೆ ನಡೆಸಿ ಯಾವ ಅಪರಾಧವೂ ನಡೆದಿಲ್ಲವೆಂದರು. ಖಾತೆ ಮಾತ್ರ ಮರಳಲಿಲ್ಲ. ಇಮೇಲು, ಮಗನ ಬಾಲ್ಯದ ಚಿತ್ರಗಳು, ಫೋನ್ ನಂಬರು ಎಲ್ಲವೂ ಒಂದೇ ಬಾಗಿಲಿನ ಹಿಂದಿದ್ದವು.

ಮಕ್ಕಳನ್ನು ರಕ್ಷಿಸುವ ತಪಾಸಣೆ ಬೇಡವೆನ್ನಲಾಗದು. ಆದರೆ ಇಂಥ ಸಂದರ್ಭದಲ್ಲಿ ದೂರು ಕೊಡಲು ಕೌಂಟರಿಲ್ಲ, ಮ್ಯಾನೇಜರಿಲ್ಲ. ಮೋಡದಲ್ಲಿ ಬಳಕೆದಾರ ಬಾಡಿಗೆದಾರನೇ ಹೊರತು ಮಾಲೀಕನಲ್ಲ.

ಕಾಲೇಜು ವಿದ್ಯಾರ್ಥಿಗಳಿಗೆ ಇದೇ ಮಾತು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಹಲವು ವಿದ್ಯಾಸಂಸ್ಥೆಗಳು ತಮ್ಮ ಹೆಸರಿನ ಇಮೇಲ್ ಖಾತೆ ಕೊಡುತ್ತವೆ. ನಾಲ್ಕು ವರ್ಷಗಳ ಟಿಪ್ಪಣಿ, ಪ್ರಬಂಧ, ಪ್ರಾಜೆಕ್ಟು ಅಲ್ಲೇ ಸೇರುತ್ತವೆ. ಪದವಿ ಮುಗಿದ ಮೇಲೆ ಆ ಖಾತೆ ಮುಂದುವರಿಯುವುದೆಂಬ ಖಾತ್ರಿಯಿಲ್ಲ. ವಿದ್ಯಾಸಂಸ್ಥೆಗಳಿಗೆ ಗೂಗಲ್ ಕೊಡುತ್ತಿದ್ದ ಮಿತಿಯಿಲ್ಲದ ಜಾಗವೂ 2022ರಲ್ಲಿ ನಿಂತಿದೆ. ಬೀಳ್ಕೊಡುಗೆ ಸಮಾರಂಭಕ್ಕೆ ಮುಂಚೆಯೇ ಕಡತಗಳನ್ನು ಇಳಿಸಿಕೊಳ್ಳುವುದು ಜಾಣತನ.

ಸರ್ಕಾರಿ ಕಪಾಟು: ಡಿಜಿಲಾಕರ್

ಅಂಕಪಟ್ಟಿ, ಪದವಿಪತ್ರಗಳ ವಿಷಯದಲ್ಲಿ ಭಾರತದ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಅನುಕೂಲವಿದೆ. 2015ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಡಿಜಿಲಾಕರ್ ಒಂದು ಬಗೆಯ ಸಾರ್ವಜನಿಕ ಮೋಡ. ಸಿಬಿಎಸ್‌ಇ ಅಂಕಪಟ್ಟಿಗಳಂತೆಯೇ ಕರ್ನಾಟಕದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಅದರ ಮೂಲಕ ಪಡೆಯಬಹುದು.

ಅದರೊಳಗೆ ಎರಡು ಅರೆಗಳಿವೆ ಎಂಬುದನ್ನು ಬಹಳಷ್ಟು ಜನ ಗಮನಿಸುವುದಿಲ್ಲ. ಮೊದಲನೆಯದು ಇಲಾಖೆ ಅಥವಾ ಮಂಡಳಿಯೇ 'ನೀಡಿದ' ದಾಖಲೆಗಳದು. ಇವು ಮೂಲ ಕಡತಾಗಾರದಿಂದಲೇ ಬರುವುದರಿಂದ ನಿಯಮದ ಪ್ರಕಾರ ಕಾಗದದ ಮೂಲ ಪ್ರತಿಗೆ ಸಮ. ಎರಡನೆಯದು ಬಳಕೆದಾರ ತಾನೇ ಸ್ಕ್ಯಾನ್ ಮಾಡಿ 'ಏರಿಸಿದ' ದಾಖಲೆಗಳದು. ಇವು ಬರೀ ಜೆರಾಕ್ಸ್ ಇದ್ದಂತೆ, ಮೂಲದ ಮಾನ್ಯತೆ ಇಲ್ಲ. ಸಂದರ್ಶನಕ್ಕೋ ಪ್ರವೇಶಕ್ಕೋ ಹೋಗುವ ಮುನ್ನ ತಮ್ಮ ಅಂಕಪಟ್ಟಿ ಯಾವ ಅರೆಯಲ್ಲಿದೆ ಎಂದು ವಿದ್ಯಾರ್ಥಿಗಳು ನೋಡಿಕೊಳ್ಳಬೇಕು.

ಮನೆಯಲ್ಲೇ ಒಂದು ಮೋಡ

'ಯಾರದೋ ಮೋಡದ ಹಂಗೇಕೆ, ನಮ್ಮದೇ ಇರಲಿ' ಎನ್ನುವ ಪಂಥವೂ ಬೆಳೆಯುತ್ತಿದೆ. 'ಪರ್ಸನಲ್ ಕ್ಲೌಡ್' ಎಂದರೆ ಇದೇ. ಮನೆಯ ಮೂಲೆಯಲ್ಲಿ ಪುಸ್ತಕದ ಗಾತ್ರದ ಒಂದು ಪೆಟ್ಟಿಗೆ, ಒಳಗೆ ಎರಡು ಹಾರ್ಡ್‌ಡಿಸ್ಕು. ಸಿದ್ಧ ಪೆಟ್ಟಿಗೆ ಕೊಳ್ಳಬಹುದು. ಉತ್ಸಾಹಿಗಳು ಹಳೆಯ ಕಂಪ್ಯೂಟರನ್ನೋ, 2012ರಲ್ಲಿ ಬಂದು ಮಕ್ಕಳ ಮೆಚ್ಚಿನದಾದ 'ರಾಸ್ಪ್‌ಬೆರಿ ಪೈ' ಎಂಬ ಅಂಗೈ ಅಗಲದ ಕಂಪ್ಯೂಟರನ್ನೋ ಬಳಸಿ ತಾವೇ ಕಟ್ಟಿಕೊಳ್ಳಬಹುದು. 2016ರಲ್ಲಿ ಜರ್ಮನಿಯಲ್ಲಿ ಹುಟ್ಟಿದ 'ನೆಕ್ಸ್ಟ್‌ಕ್ಲೌಡ್' ಎಂಬ ಮುಕ್ತ ತಂತ್ರಾಂಶವನ್ನು ಅದಕ್ಕೆ ತುಂಬಿದರೆ ಫೋಟೊ, ಕಡತ, ಕ್ಯಾಲೆಂಡರು ಎಲ್ಲ ಮನೆಯ ವೈಫೈ ಮೂಲಕವೇ ಅಲ್ಲಿ ಸೇರುತ್ತವೆ. ಜಾಗಕ್ಕೆ ತಿಂಗಳ ಬಾಡಿಗೆಯಿಲ್ಲ, ಹೊರಗಿನವರ ಇಣುಕು ನೋಟವಿಲ್ಲ. ಕಂಪ್ಯೂಟರ್ ವಿಜ್ಞಾನ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ?

ಆದರೆ ಸ್ವಂತ ಮನೆ ಎಂದ ಮೇಲೆ ಸೋರುವ ಮಾಡನ್ನು ತಾವೇ ರಿಪೇರಿ ಮಾಡಬೇಕು. ಕರೆಂಟು ಹೋಗುವ, ಸಿಡಿಲು ಬಡಿಯುವ ಊರುಗಳಲ್ಲಿ ಪೆಟ್ಟಿಗೆಗೆ ಯುಪಿಎಸ್ ಕಾವಲು ಬೇಕು. ಹಲವು ಇಂಟರ್‌ನೆಟ್ ಸಂಪರ್ಕಗಳಲ್ಲಿ ಮನೆಗೆ ಪ್ರತ್ಯೇಕ ವಿಳಾಸವೇ ಇರುವುದಿಲ್ಲ. ಹಾಗಾಗಿ ಹಾಸ್ಟೆಲಿನಲ್ಲಿರುವ ಮಗಳು ಮನೆಯ ಮೋಡವನ್ನು ತಲುಪಲು ಬಳಸುದಾರಿ ಹುಡುಕಬೇಕು. ಕಳ್ಳತನವಾದರೆ ಮೋಡವೇ ಕಳವು!

ತಂತ್ರಾಂಶವನ್ನು ಆಗಾಗ ಹೊಸದಾಗಿಸದಿದ್ದರೆ ಅಪಾಯ ಹೊರಗಿನಿಂದಲೂ ಬರುತ್ತದೆ. ವೆಸ್ಟರ್ನ್ ಡಿಜಿಟಲ್ ಕಂಪನಿಯ 'ಮೈ ಬುಕ್ ಲೈವ್' ಎಂಬ ಮನೆ ಪೆಟ್ಟಿಗೆಗಳ ಕಡತಗಳನ್ನು 2021ರ ಜೂನ್‌ನಲ್ಲಿ ದುಷ್ಕರ್ಮಿಗಳು ದೂರದಿಂದಲೇ ಅಳಿಸಿಹಾಕಿದರು. ಆ ಮಾದರಿಗೆ ಕಂಪನಿಯ ಬೆಂಬಲ 2015ರಲ್ಲೇ ನಿಂತಿತ್ತು. ಕೊಂಡವರಲ್ಲಿ ಹಲವರಿಗೆ ಅದರ ಅರಿವೇ ಇರಲಿಲ್ಲ.

ನಾಳಿನ ಮೋಡ ಹೇಗಿರಬಹುದು?

ಮುಂದಿನ ದಾರಿ ಎರಡು ದಿಕ್ಕಿಗೆ ಎಳೆಯುತ್ತಿದೆ. ಒಂದು ಕಡೆ ಕಡತ ಮಾತ್ರವಲ್ಲ, ಕಂಪ್ಯೂಟರೇ ಮೋಡಕ್ಕೆ ಏರುತ್ತಿದೆ. ರಿಲಯನ್ಸ್ ಜಿಯೊ 2025ರಲ್ಲಿ ಹೊರತಂದ 'ಜಿಯೊಪಿಸಿ' ಇದಕ್ಕೆ ಉದಾಹರಣೆ. ಟೀವಿಗೆ ಜೋಡಿಸಿದ ಸೆಟ್‌ಟಾಪ್ ಪೆಟ್ಟಿಗೆಗೆ ಕೀಬೋರ್ಡು, ಮೌಸು ಸೇರಿಸಿದರೆ ಟೀವಿಯೇ ಕಂಪ್ಯೂಟರು. ಲೆಕ್ಕಾಚಾರವೆಲ್ಲ ನಡೆಯುವುದು ದೂರದ ಡೇಟಾ ಸೆಂಟರಿನಲ್ಲಿ. ಲ್ಯಾಪ್‌ಟಾಪು ಕೊಳ್ಳಲಾಗದ ಮನೆಯ ಮಗುವಿಗೆ ಇದು ವರವೇ ಸರಿ. ಆದರೆ ಚಂದಾ ನಿಂತ ದಿನ ಕಂಪ್ಯೂಟರೂ ಇಲ್ಲ. ಇಂಥ ಕಡೆ ಬರೆದ ಪ್ರಬಂಧದ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವ ರೂಢಿ ಇನ್ನೂ ಅಗತ್ಯ.

ಇನ್ನೊಂದು ಕಡೆ 'ನನ್ನ ಮಾಹಿತಿ ನನ್ನ ಹಿಡಿತದಲ್ಲಿರಲಿ' ಎಂಬ ದನಿ ಬಲಗೊಳ್ಳುತ್ತಿದೆ. ವೆಬ್ ಜಾಲದ ಜನಕ ಟಿಮ್ ಬರ್ನರ್ಸ್-ಲೀ ಅವರೇ 'ಸಾಲಿಡ್' ಎಂಬ ಯೋಜನೆ ಮುಂದಿಟ್ಟಿದ್ದಾರೆ. ಅದರಲ್ಲಿ ಪ್ರತಿಯೊಬ್ಬನ ಮಾಹಿತಿ ಅವನದೇ ಕಣಜದಲ್ಲಿರುತ್ತದೆ, ಕಂಪನಿಗಳು ಅವನ ಅನುಮತಿ ಪಡೆದು ಅಲ್ಲಿಗೆ ಬರಬೇಕು. ಐರೋಪ್ಯ ಒಕ್ಕೂಟದ ಕಾನೂನು 2018ರಿಂದಲೇ, ಒಂದು ಸಂಸ್ಥೆಗೆ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಎತ್ತಿಕೊಂಡು ಇನ್ನೊಂದಕ್ಕೆ ಹೋಗುವ ಹಕ್ಕನ್ನು ಕೊಟ್ಟಿದೆ.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಲಿವೆ. ಹೀಗೆ ಎತ್ತಿಕೊಂಡು ಹೋಗುವ ಹಕ್ಕು ಇದರಲ್ಲಿ ಇಲ್ಲ. ಆದರೆ ಪಾಲಕರು ಗಮನಿಸಬೇಕಾದ ಎರಡು ಅಂಶಗಳಿವೆ. 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆ-ತಾಯಿ ಅಥವಾ ಪೋಷಕರ ಖಚಿತ ಒಪ್ಪಿಗೆ ಬೇಕು. ಜೊತೆಗೆ, ಬ್ಯಾಂಕ್ ಖಾತೆಗೆ ಇರುವಂತೆ ತನ್ನ ಮಾಹಿತಿಯ ಹಕ್ಕುಗಳಿಗೂ ಒಬ್ಬ ನಾಮಿನಿಯನ್ನು ಹೆಸರಿಸುವ ಅವಕಾಶವಿದೆ.

ಈ ಎರಡು ದಿಕ್ಕುಗಳಲ್ಲಿ ಒಂದು ಪೂರ್ತಿ ಗೆದ್ದು ಇನ್ನೊಂದು ಸೋಲುವ ಸಂಭವ ಕಡಿಮೆ. ಸಾಮಾನ್ಯ ಬಳಕೆದಾರರ ಮುಂದಿನ ದಿನಗಳು ಬೆರಕೆಯವೇ ಆಗಿರಲಿವೆ: ನಿತ್ಯದ ಓಡಾಟಕ್ಕೆ ಕಂಪನಿಯ ಮೋಡ, ಪ್ರಮಾಣಪತ್ರಕ್ಕೆ ಸರ್ಕಾರಿ ಕಪಾಟು, ಬೆಲೆ ಕಟ್ಟಲಾಗದ್ದಕ್ಕೆ ಮನೆಯ ಡಿಸ್ಕು.

ಮನೆಮಂದಿ ಮಾಡಬೇಕಾದದ್ದು

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ '3-2-1' ಸೂತ್ರ ಮಕ್ಕಳಿಗೂ ಬಾಯಿಪಾಠವಾಗುವಂಥದು. ಮುಖ್ಯವಾದ ಪ್ರತಿ ಕಡತಕ್ಕೂ 3 ಪ್ರತಿ, 2 ಬೇರೆ ಬೇರೆ ಬಗೆಯ ಸಾಧನ, ಅವುಗಳಲ್ಲಿ 1 ಮನೆಯಿಂದ ಹೊರಗೆ. ಫೋನಿನಲ್ಲಿ ಒಂದು, ಮನೆಯ ಹಾರ್ಡ್‌ಡಿಸ್ಕಿನಲ್ಲಿ ಒಂದು, ಮೋಡದಲ್ಲಿ ಒಂದು ಇದ್ದರೆ ಸೂತ್ರ ಪೂರ್ತಿಯಾಯಿತು. ಆ ಹಾರ್ಡ್‌ಡಿಸ್ಕನ್ನು ನಕಲು ಮಾಡಿದ ಮೇಲೆ ಕಂಪ್ಯೂಟರಿನಿಂದ ಬಿಡಿಸಿ ಇಡಬೇಕು. ಸದಾ ಜೋಡಿಸಿಟ್ಟರೆ ಕಂಪ್ಯೂಟರಿಗೆ ಬಂದ ವೈರಸ್ಸು ಅದಕ್ಕೂ ಹಬ್ಬುತ್ತದೆ.

ಎರಡನೆಯದಾಗಿ, ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಕಷ್ಟಕಾಲಕ್ಕೆಂದು ಕೊಡುವ ಸಂಕೇತಗಳನ್ನು ಕಾಗದದಲ್ಲಿ ಬರೆದು ಭದ್ರವಾಗಿಡಬೇಕು. ಚೇತರಿಕೆಗೆ ಕೊಟ್ಟ ಫೋನ್ ನಂಬರು ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಸಿಮ್ ಬದಲಿಸಿ ಖಾತೆಯಿಂದಲೇ ಹೊರಗುಳಿದವರು ಬಹಳ.

ಮೂರನೆಯದಾಗಿ, ವಾರಸುದಾರಿಕೆ. ಗೂಗಲ್‌ನಲ್ಲಿ 2013ರಿಂದ, ಆಪಲ್‌ನಲ್ಲಿ 2021ರಿಂದ ತನ್ನ ನಂತರ ಖಾತೆಯನ್ನು ಯಾರು ತೆರೆಯಬಹುದು ಎಂದು ಸೂಚಿಸುವ ಸೌಲಭ್ಯವಿದೆ. ಹತ್ತು ನಿಮಿಷದ ಕೆಲಸ. ಅಂಕಪಟ್ಟಿಗೆ ಮುದ್ರಿತ ಮೂಲಪ್ರತಿ, ಮನೆಯ ಹತ್ತಿಪ್ಪತ್ತು ಮುಖ್ಯ ಚಿತ್ರಗಳಿಗೆ ಕಾಗದದ ಪ್ರಿಂಟು ಇಂದಿಗೂ ಬೇಕು. ಕಾಗದಕ್ಕೆ ಪಾಸ್‌ವರ್ಡ್ ಇಲ್ಲ!

ಕೊನೆಯದಾಗಿ ಮತ್ತು ಮುಖ್ಯವಾಗಿ, ಇಟ್ಟದ್ದನ್ನು ತೆಗೆದು ನೋಡಬೇಕು. ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಈ ಹೊಣೆಯನ್ನು ಮನೆಯ ಹೈಸ್ಕೂಲು ಓದುವ ಮಗ ಅಥವಾ ಮಗಳಿಗೆ ವಹಿಸಬಹುದು. ಎಲ್ಲೆಲ್ಲಿ ಏನಿದೆ ಎಂದು ಪಟ್ಟಿ ಮಾಡಲಿ, ಮೋಡದಿಂದ ಒಂದು ಹಳೆಯ ಫೋಟೊ, ಒಂದು ಪ್ರಮಾಣಪತ್ರ ಇಳಿಸಿ ತೆರೆದು ತೋರಿಸಲಿ, ಹಾರ್ಡ್‌ಡಿಸ್ಕಿನ ಪ್ರತಿಯನ್ನೂ ಹೊಸದಾಗಿಸಲಿ. ಅಪ್ಪ-ಅಮ್ಮ ಪಕ್ಕದಲ್ಲಿ ಕುಳಿತು ಕಲಿಯಲಿ. ತೆರೆದುಕೊಂಡರೆ ಸಂತೋಷ. ತೆರೆಯದಿದ್ದರೆ, ಪ್ರವೇಶಾತಿಯ ಹಿಂದಿನ ದಿನಕ್ಕಿಂತ ರಜೆಯಲ್ಲೇ ಅದು ಗೊತ್ತಾಗುವುದು ಮೇಲು.